ಗೋಡೆಯ ಮೇಲಿನ ಹಸಿರು

ನರ್ಸ್ ವಾರ್ಡಿನ ಬಾಗಿಲು ತೆರೆದಾಗ ಅಜ್ಜಿಯ ಉಸಿರು ನಿಂತಿತ್ತು. ಪಕ್ಕದ ಔಷಧಿ ಯಂತ್ರ ಮಾತ್ರ ತನ್ನ ಪಾಡಿಗೆ ತಾನು ಓಡುತ್ತಿತ್ತು. ಇಡೀ ದಿನಕ್ಕೆ ಆಗಬೇಕಾದ ಔಷಧಿಯನ್ನು ಅದು ಪ್ರತಿ ಸಲವೂ ಹರಿಸಿತ್ತು.

ಆ್ಯಪ್‌ನಲ್ಲಿ ಆ ಯಂತ್ರ ಹರಿಸಬೇಕಾದ ಅಳತೆ ತುಂಬಿಸಿದ್ದು ನರ್ಸೇ. ಅವಳನ್ನು ಅಮಾನತು ಮಾಡಿದರು. ಪೊಲೀಸರಿಗೆ ದೂರು ಕೊಡುವುದೊಂದೇ ಬಾಕಿ.

ಆಸ್ಪತ್ರೆಯ ಪರವಾಗಿ ತನಿಖೆಗೆ ಬಂದವರು ದುರ್ಬೀನು ಮೇಡಂ. ಎಲ್ಲವನ್ನೂ ಬಗ್ಗಿ ಬಗ್ಗಿ ನೋಡುವ ಅಭ್ಯಾಸಕ್ಕೆ ಸಹೋದ್ಯೋಗಿಗಳು ಇಟ್ಟ ಹೆಸರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಆದರೆ ಅವರಿಗೆ ಗೊತ್ತಿತ್ತು.

ಆ್ಯಪ್ ಹೊಸದು. ಅನುಮಾನ ಬಂದರೆ ಅದರ ಸಹಾಯ ಪುಟ ನೋಡಿ ತುಂಬಬೇಕೆಂಬ ನಿಯಮವಿತ್ತು. ನೋಡಿಯೇ ತುಂಬಿದ್ದೆ ಎಂದಳು ನರ್ಸ್.

"ಇಡೀ ದಿನದ್ದು ಬರೀರಿ ಅಂತ ಅದರಲ್ಲೇ ಇದೆ ಮೇಡಂ. ನಾನಾಗಿ ನಾನು ಏನೂ ಮಾಡಿಲ್ಲ."

*

ಆ್ಯಪ್ ನೋಡಿಕೊಳ್ಳುವ ತಂಡ ಮಹಡಿಯ ಮೇಲಿತ್ತು. ಸಹಾಯ ಪುಟ ಬರೆಯುವವಳು ತನ್ನ ಕಂಪ್ಯೂಟರ್ ತಿರುಗಿಸಿ ತೋರಿಸಿದಳು. 'ಒಂದು ಸಲದ್ದು ಮಾತ್ರ ಬರೆಯಿರಿ.' ತಿದ್ದಿ ಎಷ್ಟೋ ದಿನವಾಗಿದೆಯಂತೆ.

ಅವಳು ಗುಂಡಿ ಒತ್ತಿದರೆ ಮುಗಿಯಿತು. ಕೋಣೆಯ ಮೂಲೆಯಲ್ಲಿರುವ ಸರ್ವರ್ ಯಂತ್ರ ಪುಟವನ್ನು ತಾನೇ ವಾರ್ಡುಗಳಿಗೆ ಮುಟ್ಟಿಸುತ್ತದೆ. ಪುಟ ತಲುಪಿದರೆ ಗೋಡೆಯ ಪರದೆ ಹಸಿರು, ಇಲ್ಲದಿದ್ದರೆ ಕೆಂಪು. ತಿದ್ದಿ ಕಳಿಸಿದ ದಿನ ಹಸಿರು ಬಂದದ್ದನ್ನು ತಂಡದವರೆಲ್ಲ ನೋಡಿದ್ದರು.

ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿರಬೇಕು. ತಂಡದ ಮುಖ್ಯಸ್ಥ ನಿಟ್ಟುಸಿರು ಬಿಟ್ಟ. "ಆ ನರ್ಸ್ ಕಂಪ್ಯೂಟರಲ್ಲಿ ಹಳೇ ಪುಟ ಉಳ್ಕೊಂಡಿರುತ್ತೆ. ರಿಫ್ರೆಶ್ ಮಾಡಿ ಅಂತ ಬಡ್ಕೊಂಡ್ರೂ ಕೇಳಲ್ಲ."

ಮಾತು ಸರಿ ಎನಿಸಿತು. ಮೇಡಂ ಕೆಳಗಿಳಿದು ವಾರ್ಡು ವಾರ್ಡು ಸುತ್ತಿದರು. ಎಲ್ಲ ಕಡೆಯೂ ಹಳೆಯ ಪುಟ. ಆಗಷ್ಟೇ ಡಬ್ಬಿಯಿಂದ ತೆಗೆದ ಕಂಪ್ಯೂಟರಿನಲ್ಲೂ ಹಳೆಯದೇ. ಆಸ್ಪತ್ರೆಯ ನಿರ್ದೇಶಕರು ದಿನಾ ತೆರೆಯುವ ಆ್ಯಪಿನ ಮೊದಲ ಪುಟವೊಂದೇ ಹೊಸದು.

*

ಮೇಡಂ ತಂಡವನ್ನೆಲ್ಲ ಸೇರಿಸಿದರು. ಸಹಾಯ ಪುಟದಲ್ಲಿ ಒಂದು ಪದ ಬದಲಿಸಿ ಕಳಿಸಲು ಬರೆಯುವವಳಿಗೆ ಹೇಳಿದರು. ಅವಳು ಗುಂಡಿ ಒತ್ತುವ ಮುಂಚೆ ಯಂತ್ರದಿಂದ ವಾರ್ಡುಗಳಿಗೆ ಹೋಗುವ ನೆಟ್‌ವರ್ಕ್ ಕೇಬಲ್ ಕಿತ್ತು ಕೈಯಲ್ಲಿ ಹಿಡಿದುಕೊಂಡರು.

ಎಲ್ಲರ ಕಣ್ಣೂ ಗೋಡೆಯ ಮೇಲೆ. ಹಸಿರು ಬಂತು.

ಬರೆಯುವವಳು ಎದ್ದು ಬಂದು ಮೇಡಂ ಕೈಯಲ್ಲಿದ್ದ ಕೇಬಲ್ ಮುಟ್ಟಿ ನೋಡಿದಳು. ಮೇಡಂ ಗೋಡೆ ನೋಡಿರಲಿಲ್ಲ, ಮುಖಗಳನ್ನು ನೋಡುತ್ತಿದ್ದರು. ಅವರು ಮುಖ್ಯಸ್ಥನ ಮುಂದೆ ನಿಂತರು.

"ಕೆಂಪು ಬರುತ್ತೆ ಅಂತ ಎಲ್ಲರೂ ತಲೆ ಎತ್ತಿದ್ರು. ನೀವು ನೆಲ ನೋಡ್ತಾ ಇದ್ರಿ. ಏನು ಬರುತ್ತೆ ಅಂತ ನಿಮಗೆ ಮೊದಲೇ ಗೊತ್ತಿತ್ತು."

ಯಂತ್ರ ಯಾವ ಪುಟವನ್ನೂ ಮುಟ್ಟಿಸದಿದ್ದರೆ ಮೊದಲ ಪುಟ ಹೊಸದಾದದ್ದು ಹೇಗೆ? ಯಾರೋ ಕೈಯಾರೆ ಹಾಕಿದ್ದಾರೆ. ಆ ಅಧಿಕಾರ ಇದ್ದದ್ದು ಮುಖ್ಯಸ್ಥನಿಗೊಬ್ಬನಿಗೇ. ಯಂತ್ರ ಕೆಟ್ಟಿದೆ ಎಂದು ತಿಳಿಯದವನು ಆ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ.

ಅವನು ಒಪ್ಪಿಕೊಂಡ. ಯಂತ್ರ ಹಳೆಯ ನೌಕರನೊಬ್ಬನ ಖಾತೆಯ ಪಾಸ್‌ವರ್ಡಿನಿಂದ ಕೆಲಸ ಮಾಡುತ್ತಿತ್ತು. ಆ ನೌಕರ ಕೆಲಸ ಬಿಟ್ಟ, ಖಾತೆ ಮುಚ್ಚಿತು, ಪರದೆ ಕೆಂಪಾಯಿತು. ಕೆಂಪು ಕಂಡರೆ ನಿರ್ದೇಶಕರು ಎಲ್ಲರೆದುರು ನೀರಿಳಿಸುತ್ತಿದ್ದರು. ಅದಕ್ಕೇ ಮುಖ್ಯಸ್ಥ, ಏನೇ ಆದರೂ ಹಸಿರು ತೋರಿಸು ಎಂದು ಯಂತ್ರಕ್ಕೆ ಬರೆದುಕೊಟ್ಟಿದ್ದ.

"ನಾಳೆ ಸರಿಮಾಡಿದ್ರಾಯ್ತು ಅಂತ ತಳ್ಳಿದೆ. ಬರೀ ಸಹಾಯ ಪುಟ ತಾನೇ ಅನ್ಕೊಂಡೆ."

"ಅಜ್ಜಿ ಹೋದ ಮೇಲೂ ಬಾಯಿ ಬಿಡಲಿಲ್ಲ. ಆ ಹೆಣ್ಣುಮಗಳ ತಲೆಗೆ ಕಟ್ಟೋಕೆ ಹೊರಟ್ರಿ," ಎಂದರು ಮೇಡಂ.

*

ಯಂತ್ರಕ್ಕೆ ಅದರದೇ ಖಾತೆ ಮಾಡಿಕೊಟ್ಟರು. ಸುಳ್ಳು ಹಸಿರಿನ ಸಾಲು ಅಳಿಸಿದರು. ಪುಟ ಕೊನೆಗೂ ವಾರ್ಡು ಮುಟ್ಟಿತು.

ಮೇಡಂ ನರ್ಸನ್ನು ಕರೆಸಿ ತೋರಿಸಿದರು. ಅವಳು 'ಒಂದು ಸಲದ್ದು ಮಾತ್ರ' ಎಂಬ ಸಾಲಿನ ಮೇಲೆ ಬೆರಳಿಟ್ಟು ಓದಿದಳು. ಮತ್ತೊಮ್ಮೆ ಓದಿದಳು. ತಪ್ಪು ನಿಮ್ಮದಲ್ಲ, ನಾಳೆಯಿಂದ ಕೆಲಸಕ್ಕೆ ಬನ್ನಿ ಎಂದರು ಮೇಡಂ.

ಅವಳು ಬೆರಳು ತೆಗೆಯಲಿಲ್ಲ.

"ಅಜ್ಜಿ ಮಗಳಿಗೆ ಯಾರಾದ್ರೂ ಹೇಳಿದ್ರಾ ಮೇಡಂ? ಆವತ್ತು ನಾನು ಅಳತೆ ತುಂಬೋವಾಗ ಅವರು ನನ್ನ ಕೈಯನ್ನೇ ನೋಡ್ತಾ ನಿಂತಿದ್ರು."

ಯಾರೂ ಹೇಳಿರಲಿಲ್ಲ. ಇಬ್ಬರೂ ಎದ್ದು ಆ ಮನೆಗೆ ಹೊರಟರು.