ಖಾಲಿ ಬಿಟ್ಟ ನಾಲ್ಕು ಸಾಲು

"ಆ ನಾಲ್ಕು ಸಾಲಿನ ಜಾಗ ಹಾಗೇ ಇರಲಿ ಸಾರ್. ಅಪ್ಪ ಬೇಕು ಅಂತಲೇ ಖಾಲಿ ಬಿಟ್ಟಿದ್ದು," ಎಂದಳು ಸತ್ತ ಕಾದಂಬರಿಕಾರನ ಮಗಳು.

ಪ್ರಕಾಶಕರು ಕಳಿಸಿದ್ದ ಹೊಸ ಸಂಪಾದಕ ಬೋಳುತಲೆ ಸವರಿಕೊಂಡು ನಕ್ಕುಬಿಟ್ಟ. "ಖಾಲಿ ಜಾಗ ಅಚ್ಚು ಹಾಕಿದ್ರೆ ಓದೋರು ನಮ್ಮನ್ನ ಬೈತಾರಮ್ಮ."

ಅವಳ ಮೇಲೆ ಅವನಿಗೆ ಮೊದಲಿನಿಂದಲೂ ಅನುಮಾನ. ಬಾಗಿಲು ತೆರೆಯಲು ಕೆಳಗಿಳಿದು ಬಂದಿರಲಿಲ್ಲ, ಮಹಡಿಯ ಕಿಟಕಿಯಿಂದ ಕೀಲಿಕೈ ಎಸೆದಿದ್ದಳು. ದಿನಸಿಯನ್ನೂ ಹಗ್ಗ ಕಟ್ಟಿದ ಬುಟ್ಟಿಯಲ್ಲೇ ಮೇಲಕ್ಕೆಳೆದುಕೊಳ್ಳುತ್ತಿದ್ದಳು. ಹಸ್ತಪ್ರತಿ ಮನೆ ದಾಟಬಾರದು, ತಿದ್ದುವುದಿದ್ದರೆ ಅಪ್ಪನ ಮೇಜಿನ ಮೇಲೇ ತಿದ್ದಬೇಕು ಅಂತ ಬೇರೆ ಕರಾರು. ಪುಸ್ತಕಕ್ಕೆ ಪುಕ್ಕಟೆ ಪ್ರಚಾರ ಗಿಟ್ಟಿಸುವ ನಾಟಕ ಎಂದುಕೊಂಡ.

ಕೋಣೆಯಲ್ಲಿ ಹಳಸಿದ ಗೋಂದಿನ ವಾಸನೆ, ಇಲಿ ಸತ್ತ ವಾಸನೆ. ಕೂತೊಡನೆ ಮಂಡಿಗೆ ಏನೋ ಚುಚ್ಚಿತು. ಬಗ್ಗಿ ನೋಡಿದರೆ ಮೇಜಿನ ಅಡಿ ತುಕ್ಕು ಹಿಡಿದ ಮೊಳೆ, ಅದಕ್ಕೆ ಸುತ್ತಿದ ಕಪ್ಪು ದಾರ, ದಾರದಲ್ಲಿ ಕೂದಲು.

"ಅಪ್ಪನ ಗೆಳೆಯ ಮಾಡಿಸಿದ ಮಾಟ ಅದು. ಅವನೂ ಬರೀತಿದ್ದ, ಯಾರೂ ಓದಲಿಲ್ಲ. ಮೂರು ಸಲ ಕಿತ್ತು ಹಾಕಿದ್ವಿ. ಮತ್ತೆ ಅಲ್ಲೇ ಇರುತ್ತೆ."

ಆ ಮೇಜಿನ ಮೇಲೆ ಬರೆದ ಮೊದಲ ಪುಸ್ತಕದಲ್ಲಿ ಹೆಂಗಸೊಬ್ಬಳು ನೀರಿನ ತೊಟ್ಟಿಗೆ ಬಿದ್ದಳು, ಅದೇ ತಿಂಗಳು ಕಾದಂಬರಿಕಾರನ ಹೆಂಡತಿ ಹಾಗೇ ಹೋದಳು. ಎರಡನೆಯದರಲ್ಲಿ ಬೆಂಕಿ, ತಮ್ಮ ಸುಟ್ಟುಹೋದ. ಓದುಗರು ಚಪ್ಪಾಳೆ ತಟ್ಟಿದರು, ಪೊಲೀಸರು ಕಾದಂಬರಿಕಾರನ ಮೇಲೆ ಕಣ್ಣಿಟ್ಟರು. ಕೊನೆಗೆ ಅವನು ತನ್ನ ಬಲಗೈಯನ್ನು ತಾನೇ ಬಾಗಿಲಿಗೆ ಕೊಟ್ಟು ಜಜ್ಜಿಕೊಂಡ. ಎಡಗೈ ಬರೆಯುವುದನ್ನು ನಿಲ್ಲಿಸಲಿಲ್ಲ. ಪಾಪ, ಈ ಕೊನೆಯ ಕತೆಯಲ್ಲಿ ನಾಲ್ಕು ಸಾಲು ಬಿಟ್ಟು ಕಣ್ಣು ಮುಚ್ಚಿದ.

ಕತೆಯಲ್ಲಿ ಯಾರೋ ಒಬ್ಬರು, ಕೆಳಗಿನಿಂದ ಆಪ್ತರ ದನಿ ಕೇಳಿ, ಮೆಟ್ಟಿಲು ಎಣಿಸುತ್ತ ಇಳಿಯುತ್ತಾರೆ. ಒಂಬತ್ತನೆಯದರಲ್ಲಿ ಕತ್ತು ಮುರಿಯುತ್ತದೆ. ಆ ಯಾರೋ ನೋಡಲು ಹೇಗಿದ್ದರು ಎಂಬಲ್ಲಿ ಜಾಗ ಖಾಲಿ.

ಮಗಳು ಒಳಗೆ ಹೋದಳು. ಸಂಪಾದಕ ಕಿವಿಯಲ್ಲಿ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದ. ಸದ್ಯಕ್ಕೆ ಏನೋ ಒಂದು ಗೀಚಿ, ಆಮೇಲೆ ಅಳಿಸಿ ಸರಿಮಾಡುವುದು ಅವನ ಕಸುಬಿನ ಚಾಳಿ. ವಯಸ್ಸಾದ ಹೆಂಗಸು. ಸೀಳಿದ ಹೆಬ್ಬೆರಳಿನ ಉಗುರು. ಒಂದು ಕಡೆ ದಾರ ಸುತ್ತಿದ ಕನ್ನಡಕ. ಯಾವಾಗಲೂ ಎಡಗಾಲು ಮೊದಲು. ಚೆನ್ನಾಗಿ ಬಂತು ಅಂತ ಖುಷಿಪಟ್ಟ.

ಫೋನ್ ಬಂತು. ಅವನನ್ನು ಸಾಕಿ ಬೆಳೆಸಿದ ಅಕ್ಕ.

"ಕನ್ನಡಕ ಮುರೀತು ಕಣೋ ಪುಟ್ಟ. ಈಗಷ್ಟೇ ದಾರ ಸುತ್ಕೊಂಡೆ."

ಅವನಿಗೆ ಅಕ್ಕನ ಹೆಬ್ಬೆರಳು ನೆನಪಾಯಿತು. ಚಿಕ್ಕಂದಿನಲ್ಲಿ ಬಾಗಿಲಿಗೆ ಸಿಕ್ಕಿಸಿ ಅದನ್ನು ಸೀಳಿದವನು ಅವನೇ.

"ಸರಿ ಇಡ್ತೀನಿ. ನಮ್ಮನೆ ನೆಲಮಾಳಿಗೆಯಿಂದ ನೀನು ಕರೀತಾನೇ ಇದೀಯಲ್ಲ, ಬಂದೆ."

"ಅಕ್ಕಾ, ನಾನು ಅಲ್ಲಿಲ್ಲ. ಇಳೀಬೇಡ."

"ತಮಾಷೆ ಸಾಕು. ಒಂದು... ಎರಡು..."

ರಬ್ಬರ್ ಉಜ್ಜಿದ. ಅಕ್ಷರ ಹೋಗಲಿಲ್ಲ. ಉಜ್ಜಿದ. ಕಾಗದ ಹರಿಯಿತು. ಕೆಳಗಿನ ಹಾಳೆಯಲ್ಲೂ ಅದೇ ಸಾಲು.

"ಐದು..."

ಜಾಗಕ್ಕೆ ಒಬ್ಬರು ಬೇಕು. ಯಾರಾದರೂ ಸರಿ. ಯಾರನ್ನು ಬರೆಯಲಿ?

"ಏಳು... ಎಂಟು..."

ಸಾಲುಗಳ ಮೇಲೇ ಒತ್ತಿ ಬರೆದ. ಬೋಳುತಲೆಯ ಗಂಡಸು. ಕಿವಿಯಲ್ಲಿ ಸಿಕ್ಕಿಸಿದ ಪೆನ್ಸಿಲ್. ಎಚ್ಚರಿಸಿದವರನ್ನು ಕಂಡು ನಕ್ಕವನು.

ಎಣಿಕೆ ಎಂಟಕ್ಕೇ ನಿಂತಿತು. ಆಮೇಲೆ ಅಕ್ಕನ ಉಸಿರು. "ಯಾಕೋ ಬೇಡ ಅನ್ನಿಸ್ತು ಕಣೋ. ಮೇಲೆ ಹೋಗ್ತೀನಿ."

ಅವನು ಅತ್ತ. ತಲೆಯೆತ್ತಿದಾಗ ಮಗಳು ಹಾಳೆ ಓದುತ್ತಿದ್ದಳು.

"ಅಲ್ಲಿ ಅಪ್ಪ ನನ್ನನ್ನ ಬರೀಬೇಕಿತ್ತು. ಮನಸ್ಸಾಗಲಿಲ್ಲ. ಜಾಗ ಖಾಲಿ ಇರೋವರೆಗೂ ಸತ್ತ ಅಮ್ಮ, ಚಿಕ್ಕಪ್ಪ ನನ್ನನ್ನ ಕೆಳಗಿನಿಂದ ಕರೀತಾನೇ ಇದ್ರು. ಹನ್ನೊಂದು ವರ್ಷ," ಎಂದಳು. "ಬೇಡ ಅಂತ ನಾನು ಹೇಳಿದ್ದೆ, ನೆನಪಿರಲಿ." ಧೂಳು ಹಿಡಿದ ಚಪ್ಪಲಿ ಮೆಟ್ಟಿಕೊಂಡು, ಹಿಂತಿರುಗಿ ನೋಡದೆ ಮೆಟ್ಟಿಲಿಳಿದು ಹೋದಳು. ಬೇಡವೆಂದದ್ದು ಅವನಿಗಾಗಿಯೋ, ಅವನು ಬರೆಯಲಿ ಅಂತಲೋ, ಅವನಿಗೆ ಕೊನೆಗೂ ತಿಳಿಯಲಿಲ್ಲ.

ಈಗ ಆ ಕಿಟಕಿಯಿಂದ ಬುಟ್ಟಿ ಇಳಿಸುವುದು ಗಂಡಸಿನ ಕೈ.

ಪ್ರತಿ ಮಧ್ಯಾಹ್ನ ಕೆಳಗಿನಿಂದ ಅಕ್ಕ ಕರೆಯುತ್ತಾಳೆ. "ಪುಟ್ಟ, ನಿನ್ನ ನೋಡೋಕೆ ಅಂತಲೇ ಬಂದಿದೀನಿ ಕಣೋ. ಮಂಡಿ ನೋವು, ಹತ್ತಲಾರೆ. ನೀನೇ ಇಳಿದು ಬಾ." ಒಮ್ಮೊಮ್ಮೆ ಅಳುತ್ತಾಳೆ. ಅದರಲ್ಲಿ ಯಾವ ದಿನ ನಿಜವಾಗಿ ಅಕ್ಕ ಬಂದಿದ್ದಳೋ, ಅವನಿಗೆ ಗೊತ್ತಿಲ್ಲ. ಅವನು ಇಳಿದಿಲ್ಲ.