ಸದ್ದಿಲ್ಲದ ಚಕ್ರ

"ನನ್ನ ಹಿಂದೆ ಬರೋದನ್ನ ನಿಲ್ಲಿಸ್ತೀರಾ?"

ಅವನು ಸೈಕಲ್ ನಿಲ್ಲಿಸಿ, ಒಂದು ಕಾಲು ನೆಲಕ್ಕೂರಿ, ಸಿಡುಕಿನಿಂದ ತಿರುಗಿದ್ದ. ಎಡಕ್ಕೆ ನದಿ, ಬಲಕ್ಕೆ ಹುಲ್ಲುಗಾವಲು, ನಡುವೆ ಕಿರಿದಾದ ಮಣ್ಣಿನ ದಾರಿ. ಸೈಕಲ್ ಪ್ರವಾಸದ ಉಳಿದವರೆಲ್ಲ ಮುಂದಿನ ತಿರುವು ದಾಟಿ ಮರೆಯಾಗಿದ್ದರು.

ಹಿಂದಿನ ಸೈಕಲ್ಲಿನಲ್ಲಿದ್ದ ಅವಳಿಗೆ ನಗು ಬಂತು. "ಆಗಲ್ಲ. ಅದೇ ನನ್ನ ಕೆಲಸ."

"ಹಿಂದೆ ಬರೋದು ಒಂದು ಕೆಲಸಾನಾ?"

"ಹೌದು. ನಮ್ಮಣ್ಣ ಎಲ್ಲರಿಗಿಂತ ಮುಂದೆ ದಾರಿ ತೋರಿಸ್ತಾನೆ. ನಾನು ಎಲ್ಲರಿಗಿಂತ ಹಿಂದೆ. ಪಂಕ್ಚರ್ ಆದ್ರೆ, ಯಾರಾದ್ರೂ ಬಿದ್ರೆ, ಸುಸ್ತಾದ್ರೆ ನಾನಿರಬೇಕು. ಅದಕ್ಕೇ ಅಣ್ಣ ನನ್ನನ್ನ ಬಾಲ ಅಂತಾನೆ ಕರೆಯೋದು. ಕೊನೆಯವರನ್ನ ನಾನು ಯಾವತ್ತೂ ದಾಟಿ ಹೋಗೋ ಹಾಗಿಲ್ಲ. ನಿಮಗೆ ಅಷ್ಟು ಕಷ್ಟ ಆದ್ರೆ ಬೇಗ ತುಳೀರಿ, ಬೇರೆ ಯಾರೋ ಕೊನೆಯವರಾಗ್ತಾರೆ!"

"ನಾನು ನಿಧಾನಕ್ಕೆ ಹೋಗೋಕೇ ಬಂದಿರೋದು."

"ಹಾಗಾದ್ರೆ ನನ್ನನ್ನ ಸಹಿಸ್ಕೊಳ್ಳಿ."

"ನಿಮ್ಮನ್ನ ಸಹಿಸ್ಕೋಬಹುದು. ನಿಮ್ಮ ಚಕ್ರದ ಟಿಕ್ ಟಿಕ್ ಆಗಲ್ಲ. ಬೆನ್ನ ಹಿಂದೆ ಯಾರಿದ್ರೂ ನನಗೆ ಗೊತ್ತಾಗುತ್ತೆ, ಅದರ ಮೇಲೆ ಈ ಶಬ್ದ ಬೇರೆ! ದಿನವಿಡೀ ಜನರ ಬಾಯಲ್ಲಿ ಡ್ರಿಲ್ ತಿರುಗಿಸ್ತೀನಿ. ರಜೆಯಲ್ಲೂ ಯಂತ್ರದ ಸದ್ದು ಬೇಡ."

"ಅಯ್ಯೋ, ಹಲ್ಲಿನ ಡಾಕ್ಟರಾ?"

ಅವಳು ಥಟ್ಟನೆ ಬಾಯಿ ಮುಚ್ಚಿದಳು.

"ಯಾಕೆ ಮುಚ್ಚಿದ್ರಿ?"

"ನೋಡಿಬಿಟ್ರೆ ಒಂದಾದ್ರೂ ಕೀಳ್ತೀರಿ," ಎಂದಳು, ಅಂಗೈಯ ಹಿಂದಿನಿಂದ.

ಅವನ ಸಿಡುಕು ಅಲ್ಲೇ ಮುರಿದುಬಿತ್ತು.

ಆ ಸಂಜೆ ತಂಗುಮನೆಯ ಷೆಡ್ಡಿನಲ್ಲಿ ಅವಳು ತನ್ನ ಸೈಕಲ್ಲಿನ ಹಿಂದಿನ ಚಕ್ರ ಬಿಚ್ಚಿದಳು. ಪೆಡಲ್ ನಿಲ್ಲಿಸಿದಾಗ ಟಿಕ್ ಟಿಕ್ ಎನ್ನುವುದು ಫ್ರೀವೀಲ್. ಅದರೊಳಗೆ ದಪ್ಪ ಗ್ರೀಸ್ ತುಂಬಿದರೆ ಸದ್ದು ಅಡಗುತ್ತದೆ. ಪ್ರವಾಸಿಗಳ ಗಂಟುಮೂಟೆಯ ವ್ಯಾನ್ ಓಡಿಸುತ್ತಿದ್ದ ಅತ್ತಿಗೆ ಬಾಗಿಲಲ್ಲಿ ನಿಂತು ನೋಡಿದರು.

"ಚೆನ್ನಾಗಿರೋ ಚಕ್ರಕ್ಕೆ ಯಾಕೇ ಔಷಧಿ?"

"ಒಬ್ಬರಿಗೆ ಶಬ್ದ ಆಗಲ್ವಂತೆ ಅತ್ತಿಗೆ."

"ಹೌದಾ? ಹೋದ ಸಲ ಒಬ್ಬ ಮುದುಕ ಸೀಟು ಚುಚ್ಚುತ್ತೆ ಅಂದಾಗ 'ನಿಂತ್ಕೊಂಡು ತುಳೀರಿ' ಅಂದಿದ್ಯಲ್ಲ!"

ಅವಳು ಇನ್ನಷ್ಟು ಗ್ರೀಸ್ ಒತ್ತಿದಳು. ಅವನಿಗೆ ಇದನ್ನು ಹೇಳಲಿಲ್ಲ. ಹೇಳಿದರೆ ಅದು ಉಪಕಾರವಾಗಿಬಿಡುತ್ತದೆ ಎನಿಸಿತು.

ಮುಂದಿನ ದಿನಗಳಲ್ಲಿ ನದಿಗೂ ಆತುರವಿರಲಿಲ್ಲ, ಅವನಿಗೂ ಇರಲಿಲ್ಲ. ಪಾಚಿ ಹಿಡಿದ ಹಳೆಯ ಹಿಟ್ಟಿನ ಗಿರಣಿ ಕಂಡರೆ ನಿಲ್ಲುತ್ತಿದ್ದ. ಸರಪಳಿ ಎಳೆದು ದಾಟಿಸುವ ದೋಣಿ ಕಂಡರೆ, ಆಚೆ ಹೋಗಬೇಕಾಗಿಲ್ಲದಿದ್ದರೂ ನಿಲ್ಲುತ್ತಿದ್ದ. ಒಮ್ಮೆ ದಾರಿಗೆ ಅಡ್ಡ ನಿಂತ ಹಸುವಿನ ಮುಂದೆ ನಿಂತ.

"ಹಸುಗೆ ಮೇಲುಗಡೆ ಮುಂದಿನ ಹಲ್ಲೇ ಇಲ್ಲ, ಗೊತ್ತಾ?"

"ಪುಣ್ಯವಂತೆ! ನಿಮ್ಮ ಕೈಗೆ ಅರ್ಧ ಮಾತ್ರ ಸಿಗುತ್ತೆ."

ಅವನು ನಕ್ಕ. ಅವಳೂ ನಕ್ಕಳು, ಬಾಯಿ ಮುಚ್ಚದೆ. ಅವನ ಹಿಂದೆ ಎರಡು ಸೈಕಲ್ಲಿನಷ್ಟು ಅಂತರದಲ್ಲಿ ಸಾಗುತ್ತ ಅವಳು ಮಾತಾಡುತ್ತಿದ್ದಳು. ಅವನು ಮುಂದಕ್ಕೆ ನೋಡುತ್ತಲೇ ಉತ್ತರಿಸುತ್ತಿದ್ದ.

ಪ್ರೀತಿ ಮುಖ ನೋಡಿ ಹುಟ್ಟುತ್ತದೆ ಎನ್ನುತ್ತಾರೆ. ಅವಳಿಗೆ ಅದು ಬೆನ್ನು ನೋಡಿ ಹುಟ್ಟಿತು. ಬಿಸಿಲಿಗೆ ಕೆಂಪಾದ ಕುತ್ತಿಗೆ... ರೋಗಿಗಳ ಮೇಲೆ ಬಾಗಿ ಬಾಗಿ ತುಸು ಇಳಿದ ಎಡ ಭುಜ... ನಗುವ ಮೊದಲು ಒಮ್ಮೆ ಮೇಲೇಳುವ ಕಿವಿಗಳು!

ಪ್ರವಾಸದ ಕೊನೆಯ ಸಂಜೆ, ಊಟದ ಕೋಣೆಯಲ್ಲಿ ಅವಳು ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಾಗ ಅವನು ಹೇಳಿದ.

"ನನ್ನ ಜೊತೆ ಬಂದುಬಿಡಿ."

ಅವಳ ಕೈಯ ಕುರ್ಚಿ ಅಲ್ಲೇ ನಿಂತಿತು. ಹೂಂ ಎನ್ನಬೇಕೆನಿಸಿತು. ಬಾಯಿಂದ ಬಂದದ್ದು ಮಾತ್ರ ಬೇರೆ.

"ಬಂದು? ನೀವು ಹಲ್ಲು ಕೀಳುವಾಗ ದೀಪ ಹಿಡಿದು ನಿಂತ್ಕೊಳ್ಳಲಾ?"

"ಇಲ್ಲಿದ್ದು ಏನು ಮಾಡ್ತೀರಿ? ಜೀವನಪೂರ್ತಿ ಬೇರೆಯವರ ಬೆನ್ನು ನೋಡ್ಕೊಂಡು..."

"ಸಾಕು! ನನ್ನ ಕೆಲಸಾನ ಹಂಗಿಸಬೇಡಿ."

ಅವನ ಮುಖ ಸಪ್ಪಗಾಯಿತು. ಒಂದು ಕುರ್ಚಿ ಎತ್ತಿ ಅವಳ ಸಾಲಿಗೆ ಸೇರಿಸುತ್ತ ಹೇಳಿದ: "ತಪ್ಪು ಮಾತಾಡಿದೆ. ನಾಳೆ ಬೆಳಿಗ್ಗೆ ಒಬ್ಬನೇ ನದಿ ದಾರಿಯಲ್ಲಿ ಸ್ಟೇಷನ್ನಿಗೆ ಹೊರಡ್ತೀನಿ. ಬರೋ ಮನಸಿದ್ರೆ ಬನ್ನಿ. ನಾನು ತಿರುಗಿ ನೋಡಲ್ಲ. ನನ್ನ ಮುಖ ನೋಡಿ, ಪಾಪ ಅಂತ ಯಾರೂ ಬರೋದು ಬೇಡ."

ಬೆಳಗಾಗುವಷ್ಟರಲ್ಲಿ ಅವಳು ಚೀಲ ಕಟ್ಟಿದ್ದಳು. ಅಣ್ಣ ಚಹಾ ಲೋಟ ಹಿಡಿದು ನಿಂತಿದ್ದ.

"ನೀನು ಹೋದ್ರೆ ಹಿಂದೆ ಯಾರಿರ್ತಾರೆ ಬಾಲ?" ಎಂದ. ಅವಳ ಕಣ್ಣು ತುಂಬಿದ್ದು ಕಂಡು ದನಿ ಒರಟು ಮಾಡಿಕೊಂಡ. "ಯಾರೋ ಸಿಗ್ತಾರೆ ಬಿಡು. ಹೋಗು, ಹೋಗು. ಬ್ರೇಕ್ ನೋಡ್ಕೊಂಡ್ಯಾ?"

ಗಿರಣಿಯ ತಿರುವಿನಲ್ಲಿ ಅವನ ಬೆನ್ನು ಕಾಣಿಸಿತು. ಅವನು ಎಂದಿಗಿಂತ ನಿಧಾನವಾಗಿ ತುಳಿಯುತ್ತಿದ್ದ. ಅವಳು ಹತ್ತಿರವಾದಳು, ಮತ್ತೆ ತನ್ನ ಅಂತರಕ್ಕೆ ಸರಿದಳು. ಕೈಕಾಲಿಗೆ ಅದೇ ರೂಢಿ. ಕೊನೆಯವರನ್ನು ದಾಟುವಂತಿಲ್ಲ.

ಅವನಿಗೆ ಗೊತ್ತು, ಅಂದುಕೊಂಡಳು. ಬೆನ್ನ ಹಿಂದೆ ಯಾರಿದ್ದರೂ ಗೊತ್ತಾಗುತ್ತೆ ಅಂದಿದ್ದನಲ್ಲ! ಈಗ ಮಾತಾಡುತ್ತಾನೆ... ಈಗ ನಿಲ್ಲಿಸುತ್ತಾನೆ... ಆ ಸೇತುವೆ ಬಂದಾಗ...

ಸೇತುವೆ ಬಂತು, ಹೋಯಿತು. ಅವನು ಒಂದು ಕೈಯಿಂದ ಮುಖ ಒರೆಸಿಕೊಂಡ, ಬೆವರಿಗೆಂದು ಅವಳು ತಿಳಿದಳು. ಸ್ಟೇಷನ್ನಿನಲ್ಲಿ ಸೈಕಲ್ಲನ್ನು ಸಾಮಾನಿನ ಬೋಗಿಗೆ ಹಾಕಿಸಿ, ತಲೆ ತಗ್ಗಿಸಿ ರೈಲು ಹತ್ತಿದ. ಅವಳು ಗೇಟಿನ ಬಳಿ ಚೀಲದ ಸಮೇತ ನಿಂತಿದ್ದಳು.

ಕೂಗಬಹುದಿತ್ತು. ಆದರೆ ಇಷ್ಟು ದೂರ ಹಿಂದೆ ಬಂದವಳನ್ನು ಕಂಡೂ ಕಾಣದಂತೆ ಹತ್ತಿದವನನ್ನು ಏನೆಂದು ಕೂಗುವುದು?

ರೈಲು ಹೋಯಿತು.

ಬೀಳ್ಕೊಟ್ಟ ಮನೆಗೆ ಅದೇ ದಿನ ಮರಳುವುದಕ್ಕಿಂತ ಉದ್ದದ ದಾರಿ ಬೇರಿಲ್ಲ. ಅಣ್ಣ ಅವಳ ಕೈಗೆ ಗಾಳಿ ಹೊಡೆಯುವ ಪಂಪ್ ಕೊಟ್ಟ.

ಎರಡು ವರ್ಷ ಕಳೆಯಿತು. ಅವಳ ನಾಲಿಗೆ ಹರಿತವಾಗಿತ್ತು. ಪ್ರವಾಸಿಗಳು ನದಿಯ ಮೇಲಿನ ಸೂರ್ಯಾಸ್ತ ನೋಡಲು ನಿಂತರೆ "ಅವನು ನಾಳೆನೂ ಮುಳುಗ್ತಾನೆ, ತುಳೀರಿ," ಎನ್ನುತ್ತಿದ್ದಳು. ಅತ್ತಿಗೆ ಯಾವುದೋ ಸಂಬಂಧದ ಮಾತೆತ್ತಿದ ದಿನ ಅವಳು ಸಿಡಿದಳು.

"ಒಬ್ಬನ ಹಿಂದೆ ಸ್ಟೇಷನ್ನಿನವರೆಗೂ ಹೋದೆ ಅತ್ತಿಗೆ! ದಾರಿಯುದ್ದಕ್ಕೂ ಹಿಂದೇನೇ ಇದ್ದೆ. ಒಂದು ಸಲಾನೂ ತಿರುಗಲಿಲ್ಲ. ಇನ್ನೊಬ್ಬನ ಹಿಂದೆ ನನ್ನಿಂದಾಗಲ್ಲ."

ಅತ್ತಿಗೆ ಹಳೆಯ ಪ್ರವಾಸಿಗಳ ವಿಳಾಸದ ಪುಸ್ತಕ ತೆರೆದು ಕೂತರು. ಮುಂದಿನ ವಾರ ಅವರಿಗೆ ಹಲ್ಲುನೋವು ಶುರುವಾಯಿತು. ಪೇಟೆಯ ಡಾಕ್ಟರ ಕೈ ಒರಟು ಎಂದು ರೈಲು ಹತ್ತಿ ದೂರದ ನಗರಕ್ಕೇ ಹೋದರು.

ಮರುದಿನ ಮಧ್ಯಾಹ್ನ ಅವಳು ಷೆಡ್ಡಿನಲ್ಲಿ ಸೊಟ್ಟಗಾದ ಚಕ್ರವೊಂದರ ಕಡ್ಡಿಗಳನ್ನು ಬಿಗಿಮಾಡುತ್ತಿದ್ದಾಗ ಅತ್ತಿಗೆ ಊದಿದ ಕೆನ್ನೆಯೊಂದಿಗೆ ಬಂದರು.

"ಕೀಳಿಸ್ಕೊಂಡ್ರಾ?"

"ಹೂಂ. ನಿನ್ನ ದೆಸೆಯಿಂದ ಚೆನ್ನಾಗಿರೋ ಹಲ್ಲು ಹೋಯ್ತು," ಎಂದು ತೊದಲಿ, ಅತ್ತಿಗೆ ಪಕ್ಕಕ್ಕೆ ಸರಿದು ಹೊರಟೇಹೋದರು.

ಅವರ ಹಿಂದೆ ಅವನು ನಿಂತಿದ್ದ.

ಕೈಯಲ್ಲಿದ್ದ ಸ್ಪ್ಯಾನರ್ ಜಾರಿ ಬಿತ್ತು. ಅವಳು ಅದನ್ನೆತ್ತಿಕೊಂಡು ಮತ್ತೆ ಕೆಲಸಕ್ಕೆ ಬಾಗಿದಳು.

"ನೀವು ಅವತ್ತು ನನ್ನ ಹಿಂದೆ ಬಂದಿದ್ರಂತೆ," ಎಂದ ಅವನು.

"ಗೊತ್ತಿಲ್ಲದವರ ಹಾಗೆ ಆಡಬೇಡಿ."

"ಗೊತ್ತಿರಲಿಲ್ಲ! ಆ ಟಿಕ್ ಟಿಕ್ ಕೇಳುತ್ತಾ ಅಂತ ದಾರಿಯುದ್ದಕ್ಕೂ ಕಿವಿ ಕೊಟ್ಟಿದ್ದೆ. ಪೆಡಲ್ ನಿಲ್ಲಿಸಿ ಕೇಳಿದೆ. ಸೇತುವೆ ಮೇಲೆ ಉಸಿರು ಹಿಡಿದು ಕೇಳಿದೆ. ಏನೂ ಇರಲಿಲ್ಲ. ಬರಲಿಲ್ಲ, ಅದೇ ಉತ್ತರ ಅಂದ್ಕೊಂಡೆ... ಅಳ್ತಾ ಇದ್ದೆ. ಆ ಮುಖ ಹೊತ್ತು ಯಾರ ಕಡೆ ತಿರುಗಲಿ?"

ತಿರುಗುತ್ತಿದ್ದ ಚಕ್ರವನ್ನು ಅವಳು ಅಂಗೈಯಿಂದ ತಡೆದಳು.

"ಗ್ರೀಸ್ ತುಂಬಿದ್ದೆ," ಎಂದಳು ಮೆಲ್ಲಗೆ. "ಮೊದಲನೇ ದಿನಾನೇ. ಶಬ್ದ ಆಗಲ್ಲ ಅಂದಿದ್ರಲ್ಲ... ನಿಮಗೋಸ್ಕರ."

ಅವನು ಗೋಡೆಗೆ ಒರಗಿದ. "ಆ ದಿನಗಳಲ್ಲಿ ನಮ್ಮ ಮಾತಿನ ನಡುವೆ ಶಬ್ದ ಕೇಳ್ತಿಲ್ಲ ಅಂದ್ಕೊಂಡಿದ್ದೆ. ಬೆನ್ನ ಹಿಂದೆ ಯಾರಿದ್ರೂ ಗೊತ್ತಾಗುತ್ತೆ ಅಂತ ಕೊಚ್ಚಿಕೊಂಡಿದ್ದು... ಬರೀ ಬಾಯಿಮಾತು."

"ಬೊಗಳೆ ಅನ್ನಿ."

"ಬೊಗಳೆ."

ನಗಬೇಕಾದ ಮಾತು. ಇಬ್ಬರಿಗೂ ನಗು ಬರಲಿಲ್ಲ.

"ಇನ್ನೊಂದು ಹೇಳಬೇಕು," ಎಂದ. "ನನಗೆ ಮದುವೆ ಆಗಿತ್ತು. ನಿಮ್ಮ ಮೇಲಿನ ಹಟಕ್ಕೆ. ವರ್ಷ ತುಂಬೋದ್ರೊಳಗೆ ಅವಳು ಹೊರಟುಹೋದ್ಲು. ಈಗ ಕಾನೂನಿನ ಪ್ರಕಾರಾನೂ ಬೇರೆಯಾಗಿದ್ದೀವಿ. 'ನೀವು ಯಾವಾಗಲೂ ಏನೋ ಆಲಿಸ್ತಾ ಇರ್ತೀರಿ, ಅದು ನನ್ನ ಮಾತಲ್ಲ' ಅಂದಿದ್ಲು."

ಅವಳಿಗೆ ಮೊದಲು ಬಂದದ್ದು ಅಸೂಯೆ. ಆಮೇಲೆ ನಾಚಿಕೆ. ಹೆಸರೂ ತಿಳಿಯದ ಆ ಹೆಣ್ಣು ಯಾವ ತಪ್ಪಿಗೆ ಒಂದು ವರ್ಷ ತೆತ್ತಳು?

"ಅವರಿಗೆ ಏನು ಹೇಳ್ತೀರಿ? ಒಂದು ಚಕ್ರಕ್ಕೆ ಗ್ರೀಸ್ ಜಾಸ್ತಿಯಾಗಿತ್ತು ಅಂತಾನಾ?"

"ಏನು ಹೇಳಿದ್ರೂ ಸರಿಹೋಗಲ್ಲ."

"ಹೋಗಲ್ಲ," ಎಂದಳು ಅವಳು. "ನನ್ನ ಎರಡು ವರ್ಷಾನೂ ಬರಲ್ಲ. ಎಷ್ಟು ಜನರ ಮೇಲೆ ವಿಷ ಕಾರಿದ್ದೀನಿ ಗೊತ್ತಾ? ಯಾರಾದ್ರೂ ಕೈ ಹಿಡ್ಕೊಂಡು ಸೈಕಲ್ ತುಳಿದ್ರೆ ಬೈಯ್ತಿದ್ದೆ. ನಾನು ಹೀಗಿರಲಿಲ್ಲ..."

ಅಳು ಬಂತು. ಕೈತುಂಬ ಮಸಿ, ಒರೆಸಿಕೊಳ್ಳಲೂ ಆಗಲಿಲ್ಲ. ಅವನು ಕರವಸ್ತ್ರ ಚಾಚಿದ. ಅವಳು ಅದನ್ನು ಕಸಿದುಕೊಂಡಳು.

"ಬನ್ನಿ ಅಂತ ಕರೆಯೋಕೆ ಬಂದಿಲ್ಲ," ಎಂದ ಅವನು. "ಕ್ಲಿನಿಕ್ ಬೇರೆಯವರಿಗೆ ಒಪ್ಪಿಸ್ತಿದ್ದೀನಿ. ನಾನು ಇಲ್ಲಿ ಇರಲಾ ಅಂತ ಕೇಳೋಕೆ ಬಂದೆ. ಬೇಡ ಅಂದ್ರೆ ಸಂಜೆ ರೈಲಿದೆ."

ಹೊರಗೆ ಅಣ್ಣ ಯಾರಿಗೋ ಸೀಟಿನ ಎತ್ತರ ಹೊಂದಿಸುವುದನ್ನು ಹೇಳಿಕೊಡುತ್ತಿದ್ದ. ಅವಳು ಅವನ ಮುಖವನ್ನು ನೋಡಿದಳು. ಬೆನ್ನಷ್ಟು ಪರಿಚಯದ ಮುಖವಲ್ಲ. ಕಣ್ಣ ಕೆಳಗೆ ಗೆರೆಗಳಿದ್ದವು, ತಾನಿಲ್ಲದಾಗ ಮೂಡಿದವು.

"ಪ್ರೀತಿ ಇದೆ," ಎಂದಳು ಕೊನೆಗೆ, ದೂರು ಕೊಡುವವಳಂತೆ. "ಹೋಗಿಲ್ಲ. ಅದಕ್ಕೇ ಇಷ್ಟು ಕೋಪ."

"ಕೋಪ ಎಷ್ಟು ದಿನ ಇರುತ್ತೆ?"

"ಗೊತ್ತಿಲ್ಲ. ತುಂಬಾ ದಿನ ಇರುತ್ತೆ."

"ಪೇಟೆಯಲ್ಲಿ ಒಂದು ರೂಮ್ ಹಿಡಿದು ಕಾಯ್ತೀನಿ. ಕಮ್ಮಿ ಆದಾಗ ಹೇಳಿಕಳಿಸಿ."

"ಬೇಡ." ಅವಳು ಅವನ ತೋಳು ಹಿಡಿದಳು. ಬಿಳಿ ಅಂಗಿಯ ಮೇಲೆ ಐದು ಬೆರಳ ಮಸಿ ಮೂಡಿತು. "ಇಲ್ಲೇ ಇರಿ. ನೀವು ಎದುರಿಗಿಲ್ಲದೆ ಕೋಪ ಮಾಡ್ಕೊಂಡು ಮಾಡ್ಕೊಂಡು ನನಗೆ ಸಾಕಾಗಿದೆ."