ಸಕ್ಕರೆ ಕಾಯಿಲೆಯೇ ಇಲ್ಲದ ತಿಂಗಳು

"ನಾನು ಸುಳ್ಳುಗಾತಿಯಲ್ಲಮ್ಮ!"

ದರ್ಜಿ ಹೆಂಗಸು ಫೋನನ್ನು ಚಿಕ್ಕಮ್ಮನ ಮೇಜಿನ ಮೇಲೆ ಕುಕ್ಕಿದಳು. ಎಲ್ಲವೂ ಆನ್‌ಲೈನಿನಲ್ಲೇ ನಡೆಯುವ ವಿಮಾ ಕಂಪನಿ ಅದು. ಗ್ರಾಹಕರು ಬಂದರೆ ಕೂರಲು ಒಂದು ಕುರ್ಚಿಯೂ ಇರಲಿಲ್ಲ. ಫೋನಿನಲ್ಲಿ ಕಂಪನಿಯ ಸಂದೇಶವಿತ್ತು: ಗಂಡನ ಸಕ್ಕರೆ ಕಾಯಿಲೆಯನ್ನು ಮುಚ್ಚಿಟ್ಟಿದ್ದೀರಿ, ಆಸ್ಪತ್ರೆಯ ಖರ್ಚು ಕೊಡಲಾಗುವುದಿಲ್ಲ.

"ನಾಳೆ ಬೆಳಿಗ್ಗೆ ಅವರಿಗೆ ಹೃದಯದ ಆಪರೇಷನ್. ಐದು ಗಂಟೆಯೊಳಗೆ ನಿಮ್ಮ ಒಪ್ಪಿಗೆ ಬರದಿದ್ರೆ ಮುಂದಕ್ಕೆ ಹಾಕ್ತಾರಂತೆ. ಅಷ್ಟು ದಿನ ಅವರು ಉಳೀಬೇಕಲ್ಲ! ಸಕ್ಕರೆ ಕಾಯಿಲೆ ಇದೆಯಾ ಅಂತ ಕೇಳಿದಾಗ ಈ ಬೆರಳಲ್ಲೇ 'ಹೌದು' ಒತ್ತಿದೀನಿ."

ಚಿಕ್ಕಮ್ಮ ಗಡಿಯಾರ ನೋಡಿದರು. ಮೂರೂಕಾಲು.

ಕಂಪನಿಯ ಮಾಲೀಕ ಅವರ ಅಕ್ಕನ ಮಗ. ಅವನು ಕರೆಯುವುದನ್ನು ಕೇಳಿ ಕೇಳಿ ಇಡೀ ಆಫೀಸೇ ಅವರನ್ನು ಚಿಕ್ಕಮ್ಮ ಎನ್ನುತ್ತಿತ್ತು. ಮೂವತ್ತು ವರ್ಷ ಹಳೇ ಕಾಲದ ವಿಮಾ ಕಚೇರಿಯಲ್ಲಿ ಕಡತ ತಿರುವಿದವರು. ಇಲ್ಲಿ ತಳ್ಳಿಹಾಕಿದ ಅರ್ಜಿಗಳನ್ನು ಮತ್ತೆ ನೋಡುವುದು ಅವರ ಕೆಲಸ, ಕೊನೆಯ ಸಹಿಯೂ ಅವರದೇ. ಕಾಗದವಾದರೆ ತಿದ್ದಿದ ಗುರುತಾದರೂ ಕಾಣುತ್ತದೆ. ಈ ಪರದೆಯ ಮೇಲೆ 'ಇಲ್ಲ' ಎಂಬ ಉತ್ತರ ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ ಕೂತಿತ್ತು. ತಿದ್ದಿದವರಾದರೂ ಯಾರು? ಅಥವಾ ಈಕೆಯೇ ಮರೆತಳೇ?

ಗ್ರಾಹಕರಿಗೆ ಫೋನ್ ಮಾಡುವ ಹುಡುಗಿಯನ್ನು ಕರೆದರು. ಕಾಯಿಲೆಯ ಪ್ರಶ್ನೆಗೆ 'ಹೌದು' ಎಂದವರು ಮುಂದಿನ ಪುಟದಲ್ಲಿ ವೈದ್ಯರ ವರದಿ ಹಾಕಬೇಕು. ಬೇಸತ್ತು ಅಲ್ಲೇ ಬಿಟ್ಟುಹೋದವರಿಗೆ ಫೋನ್ ಮಾಡಿ ಪುಸಲಾಯಿಸುವುದು ಅವಳ ಕೆಲಸ.

"ಉತ್ತರ ಬದಲಾಯಿಸಿ ಅಂತ ಈಕೆಗೆ ನೀನೇನಾದರೂ ಹೇಳಿದ್ಯಾ?"

"ಅಯ್ಯೋ, ಇಲ್ಲಪ್ಪ! ಎಂಟು ತಿಂಗಳ ಹಿಂದಿನ ಅರ್ಜಿ ಅಲ್ವಾ? ಆ ತಿಂಗಳು ನಾನು ಯಾರಿಗೂ ಫೋನೇ ಮಾಡಿಲ್ಲ. ಕೂತು ಕೂತು ಸ್ವೆಟರ್ ಹೆಣೆದೆ, ಇವಳ ಪಾಪುಗೆ," ಎಂದು ಆನ್‌ಲೈನ್ ಅರ್ಜಿಯನ್ನು ರೂಪಿಸಿದ ಪಕ್ಕದ ಪ್ರೋಗ್ರಾಮರಳನ್ನು ತೋರಿಸಿದಳು.

"ಸಂಬಳ ತಗೊಂಡು ಹೆಣಿಗೆಯೇನೇ!" ಎಂದು ಗದರಿ ಚಿಕ್ಕಮ್ಮ ಪ್ರೋಗ್ರಾಮರಳ ಕಡೆ ತಿರುಗಿದರು. "ನಿನ್ನ ಅರ್ಜಿಯಲ್ಲೇ ಏನಾದರೂ ಎಡವಟ್ಟು?"

"ನನ್ನ ಮೇಲೆ ಯಾಕೆ ಅನುಮಾನ? ನೀವೇ ಒತ್ತಿ ನೋಡಿ."

ಒತ್ತಿದರು. 'ಹೌದು'—ವರದಿಯ ಪುಟ ಬಂತು. ಮತ್ತೆ ಒತ್ತಿದರು. ಮತ್ತೆ ಅದೇ ಪುಟ. ಚಿಕ್ಕಮ್ಮನಿಗೆ ತಲೆಬುಡ ಅರ್ಥವಾಗಲಿಲ್ಲ.

"ನಿಮಗೆ ಈ ಪುಟ ಬಂದಿತ್ತಾ?" ಎಂದು ದರ್ಜಿಯನ್ನು ಕೇಳಿದರು.

"ಇಲ್ವಲ್ಲ! ಒತ್ತಿದ ತಕ್ಷಣ 'ಅಭಿನಂದನೆ' ಅಂತ ಬಂತು."

ಚಿಕ್ಕಮ್ಮ ಗಾಜಿನ ಕೋಣೆಗೆ ಹೋಗಿ ಹೇಳಿದಾಗ ಮಾಲೀಕ ನಕ್ಕುಬಿಟ್ಟ. "ಜನ ಸುಳ್ಳು ಹೇಳ್ತಾರೆ ಚಿಕ್ಕಮ್ಮ. ನಿನಗೆ ಗೊತ್ತಿಲ್ದೇ ಇರೋದಾ?" ಗೋಡೆಯ ಮೇಲಿನ ನಕ್ಷೆಯಲ್ಲಿ ಕಂಪನಿಯ ಬೆಳವಣಿಗೆಯ ಗೆರೆ ದರ್ಜಿ ಅರ್ಜಿ ಹಾಕಿದ ತಿಂಗಳಲ್ಲೇ ನೆಟ್ಟಗೆ ಮೇಲೆದ್ದಿತ್ತು.

ಚಿಕ್ಕಮ್ಮ ಹೊರಬಂದರು. ಎಲ್ಲರ ಮಾತೂ ನಿಜದ ಹಾಗೇ ಇದೆ. ಹಾಗಾದರೆ? ಸಾವಿರಾರು ಜನ ಸೇರಿದ ತಿಂಗಳು. ಪುಸಲಾಯಿಸುವವಳಿಗೆ ಮಾತ್ರ ಕೆಲಸವಿಲ್ಲ. ಹೇಗೆ? ಅವರು ಗಕ್ಕನೆ ನಿಂತರು.

"ಆ ತಿಂಗಳು ಸೇರಿದವರು ಎಷ್ಟು? ಸಕ್ಕರೆ ಕಾಯಿಲೆಯವರು ಎಷ್ಟು?"

ಪ್ರೋಗ್ರಾಮರ್ ಕೀಲಿಗಳನ್ನು ಒತ್ತಿದಳು. ಮುಖ ಸಪ್ಪಗಾಯಿತು. "ಹನ್ನೊಂದು ಸಾವಿರ ಜನ. ಸಕ್ಕರೆ ಕಾಯಿಲೆ... ಸೊನ್ನೆ."

"ಸೊನ್ನೆಯಾ? ನಮ್ಮ ಬೀದಿಯಲ್ಲೇ ಆರು ಜನ ಇದ್ದಾರಲ್ಲೇ!"

ನಾಲ್ಕೂವರೆ. ಚಿಕ್ಕಮ್ಮ ಮತ್ತೆ ಗಾಜಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

"ವರದಿ ಪುಟದಲ್ಲಿ ಜನ ಬಿಟ್ಟು ಹೋಗ್ತಿದ್ರು. ಆ ತಿಂಗಳು ಒಬ್ಬರೂ ಹೋಗಲಿಲ್ಲ. ಯಾಕಂದ್ರೆ ಪುಟವೇ ಇರಲಿಲ್ಲ. ಯಾರೋ ಅದನ್ನ ತೆಗೆದು, 'ಹೌದು' ಅಂದವರನ್ನೆಲ್ಲ 'ಇಲ್ಲ' ಅಂತ ಸೇರಿಸಿಕೊಂಡು, ತಿಂಗಳು ಮುಗಿದ ಮೇಲೆ ಮತ್ತೆ ಹಾಕಿದ್ದಾರೆ. ಅರ್ಜಿಗೆ ಕೈ ಹಾಕೋಕೆ ಆಗೋದು ಇಬ್ಬರಿಗೆ. ಒಬ್ಬಳು ಆಗ ಹೆರಿಗೆ ರಜೆಯಲ್ಲಿದ್ದಳು. ಅದಕ್ಕೇ ತಾನೆ ಸ್ವೆಟರ್? ಉಳಿದವನು ನೀನು."

ಅವನು ತಲೆ ಎತ್ತಲಿಲ್ಲ. "ಆ ತಿಂಗಳು ಹತ್ತು ಸಾವಿರ ಜನ ದಾಟದಿದ್ರೆ ಹೂಡಿಕೆದಾರರು ಎದ್ದು ಹೋಗ್ತಿದ್ರು. ಆಮೇಲೆ ಎಲ್ಲರಿಗೂ ಹೇಳಿ ಸರಿ ಮಾಡೋಣ ಅಂದ್ಕೊಂಡೆ..."

"ಎಂಟು ತಿಂಗಳಾಯ್ತಲ್ಲೋ!"

"ಈಗ ನೀನು ಸಹಿ ಹಾಕಿದ್ರೆ ಎಲ್ಲ ಹೊರಗೆ ಬರುತ್ತೆ. ಕಂಪನಿ ಮುಳುಗುತ್ತೆ ಚಿಕ್ಕಮ್ಮ!"

ಅಕ್ಕ ತೀರಿಕೊಂಡಾಗ ಇವನಿಗೆ ನಾಲ್ಕು ವರ್ಷ. ಎತ್ತಿ ಆಡಿಸಿ ಬೆಳೆಸಿದ್ದು ಚಿಕ್ಕಮ್ಮನೇ. ಆದರೂ ಸಹಿ ಬಿತ್ತು. ಒಪ್ಪಿಗೆ ಆಸ್ಪತ್ರೆಗೆ ಹೋಯಿತು.

"ಆ ತಿಂಗಳು ಸೇರಿದ ಉಳಿದವರಿಗೆಲ್ಲ ಪತ್ರ ಬರೆಯೋಕೆ ಶುರು ಮಾಡು. ಇವತ್ತೇ," ಎಂದು ಚಿಕ್ಕಮ್ಮ ಹೊರಗೆ ಬಂದರು.

ದರ್ಜಿ ಇನ್ನೂ ನಿಂತೇ ಇದ್ದಳು.

"ಆಸ್ಪತ್ರೆಗೆ ಹೋಗಮ್ಮ, ಆಪರೇಷನ್ ನಾಳೆಯೇ ಆಗುತ್ತೆ. ನೀನು ಸುಳ್ಳು ಹೇಳಿಲ್ಲ."

"ಮತ್ತೆ ಯಾರಮ್ಮ ಹೇಳಿದ್ದು?"

ಚಿಕ್ಕಮ್ಮ ಗಾಜಿನ ಕೋಣೆಯ ಕಡೆ ಕೈ ತೋರಿಸಿದರು.

"ಅವನು. ನಾನು ಸಾಕಿದ ಮಗ."